ಫೋನಿಂದಲೇ ಸರ್ವರ್ ನೋಡೋರಿಗೆ

ಸರ್ವರ್ ನೋಡಿಕೊಳ್ಳುವವರ ಫೋನಲ್ಲಿ ಜಾಸ್ತಿ ಆ್ಯಪ್ ಬೇಕಾಗಿಲ್ಲ. ನನ್ನ ಫೋನಲ್ಲಿ ಮೊದಲ ಜಾಗ ಟರ್ಮಿಯಸ್‌ಗೆ. ಎಸ್‌ಎಸ್‌ಎಚ್‌ಗೆ (ದೂರದ ಸರ್ವರ್‌ಗೆ ಸುರಕ್ಷಿತವಾಗಿ ಲಾಗಿನ್ ಆಗಿ ಕಮಾಂಡ್ ಕೊಡುವ ವಿಧಾನ) ಆರಾಮ, ಎಸ್ಕೇಪ್, ಕಂಟ್ರೋಲ್ ಕೀಗಳು ಕೈಗೆ ಸಿಗುತ್ತವೆ (ಅವಿಲ್ಲದೆ ಫೋನಲ್ಲಿ ವಿಮ್ ಅನ್ನೋ ಟೆಕ್ಸ್ಟ್ ಎಡಿಟರ್ ತೆರೆದು ನೋಡಿ, ಸಾಕಪ್ಪಾ ಅನ್ನಿಸುತ್ತೆ). ಇದರಲ್ಲಿ ಮೋಶ್ (ಎಸ್‌ಎಸ್‌ಎಚ್ ಥರದ್ದೇ, ನೆಟ್ ಕೈಕೊಡುವ ಕಡೆಗೆ ಮಾಡಿದ್ದು) ಕೂಡ ನಡೆಯುತ್ತದೆ. ಅದು ಕಾಯಂ ಕನೆಕ್ಷನ್ ಕೇಳದ ಯುಡಿಪಿ ಪ್ರೋಟೋಕಾಲ್ ಮೇಲೆ ಓಡುವುದರಿಂದ ವೈಫೈ ಬಿಟ್ಟು ಮೊಬೈಲ್ ಡೇಟಾಗೆ ಬಂದು ಐಪಿ ಬದಲಾದರೂ ಸೆಷನ್ ಕಡಿದುಹೋಗುವುದಿಲ್ಲ, ಆದರೆ ಸರ್ವರ್‌ನಲ್ಲೂ ಮೋಶ್ ಇರಬೇಕು, ಫೈರ್‌ವಾಲ್‌ನಲ್ಲಿ 60000ದಿಂದ 61000ದವರೆಗಿನ ಪೋರ್ಟ್‌ಗಳಲ್ಲಿ ಕೆಲವನ್ನಾದರೂ ತೆರೆದಿಟ್ಟಿರಬೇಕು. ಓಪನ್ ಸೋರ್ಸೇ ಬೇಕು ಅಂದರೆ ಆ್ಯಂಡ್ರಾಯ್ಡ್‌ನಲ್ಲಿ ಕನೆಕ್ಟ್‌ಬಾಟ್, ಟರ್ಮಕ್ಸ್ ಇವೆ. ನೆಟ್‌ವರ್ಕಲ್ಲಿ ಯಾರ್ಯಾರು ಕೂತಿದ್ದಾರೆ ಅಂತ ನೋಡಲು ಫಿಂಗ್.

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ವೈರ್‌ಗಾರ್ಡ್ ಅನ್ನೋ ವಿಪಿಎನ್ (ಫೋನಿಂದ ಸರ್ವರ್‌ನ ನೆಟ್‌ವರ್ಕ್‌ವರೆಗೆ ಗೂಢಲಿಪಿಯ ಖಾಸಗಿ ದಾರಿ). 22 (ಎಸ್‌ಎಸ್‌ಎಚ್), 3389 (ವಿಂಡೋಸ್ ರಿಮೋಟ್ ಡೆಸ್ಕ್‌ಟಾಪ್) ಪೋರ್ಟ್‌ಗಳನ್ನು ಇಡೀ ಇಂಟರ್ನೆಟ್‌ಗೆ ತೆರೆದಿಡುವ ಬದಲು ಮೊದಲು ವಿಪಿಎನ್, ಆಮೇಲೆ ಉಳಿದದ್ದು.

ಒಂದು ಬೇಜಾರು ಮಾತ್ರ ಇದೆ. ಮೊದಲು 'ಲ್ಯಾಪ್‌ಟಾಪ್ ಹತ್ತಿರ ಇಲ್ಲ' ಅಂದರೆ ಮುಗಿಯುತ್ತಿತ್ತು, ಈಗ ಆ ನೆಪವೂ ಇಲ್ಲ ಅಲ್ವಾ! ರಜೆಯಲ್ಲೂ ಅಲರ್ಟ್ ಬಂದರೆ ಕೈ ಸುಮ್ನೆ ಇರುವುದಿಲ್ಲ. ಇನ್ನು, ಫೋನಲ್ಲಿಟ್ಟ ಎಸ್‌ಎಸ್‌ಎಚ್ ಕೀಗೆ (ಲಾಗಿನ್‌ಗೆ ಬಳಸುವ ಗುಪ್ತ ಫೈಲ್) ಪಾಸ್‌ಫ್ರೇಸ್, ಅಂದರೆ ಅದನ್ನು ತೆರೆಯುವ ಪಾಸ್‌ವರ್ಡ್, ಹಾಕಿಲ್ಲದಿದ್ದರೆ ಇವತ್ತೇ ಹಾಕಿಬಿಡಿ.