ಮೂರು ಕಾಲಿನ ಗಂಟು

ಮಾವ ಮೊದಲು ನನ್ನ ಕೈಗೆ ಕೊಟ್ಟದ್ದು ಕತ್ತರಿ. ಬಲೆ ಕಟ್ಟಲು ಕಲಿಸಿ ಅಂತ ಕೇಳಿದ್ದು ನಾನೇ. ಸೂಜಿ, ದಾರ ಸಿಗುತ್ತದೆ ಅಂದುಕೊಂಡು ಜಗಲಿಯಲ್ಲಿ ಚಾಪೆ ಹಾಕಿಕೊಂಡು ಕೂತಿದ್ದೆ. ಅವರು ಒಳಗಿನಿಂದ ತುಕ್ಕು ಹಿಡಿದ ಕತ್ತರಿ ತಂದು ಮುಂದೆ ಇಟ್ಟರು.

"ಇದೆಂತಕ್ಕೆ ಮಾವಾ?"

"ತೂತ್ ದೊಡ್ಡದ್ ಮಾಡುಕೆ."

ಜುಲೈ ಕೊನೆಯ ವಾರ. ಅಮ್ಮನ ತವರು ಗಂಗೊಳ್ಳಿಯ ಕಡೆ, ಐದು ನದಿಗಳು ಒಟ್ಟಾಗಿ ಕಡಲಿಗೆ ಬೀಳುವ ಜಾಗದ ಹತ್ತಿರ. ಮಳೆಗಾಲದಲ್ಲಿ ಅಲ್ಲಿ ನೀರಿನ ಬಣ್ಣ ಚಹಾದ್ದು. ನಾನು ಬೆಂಗಳೂರಿನಿಂದ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗಿದ್ದೆ. ನಾಲ್ಕು ದಿನ ಅಲ್ಲಿಂದಲೇ ಕೆಲಸ ಮಾಡುತ್ತೇನೆ ಅಂತ ಆಫೀಸಿನಲ್ಲಿ ಹೇಳಿದ್ದೆ. ಎರಡನೇ ದಿನವೇ ಕರೆಂಟು ಹೋಯಿತು, ಹಿಂದೆಯೇ ಮೊಬೈಲಿನ ಕಡ್ಡಿಗಳೂ ಹೋದವು. "ನೆಟ್ ಇಲ್ಲ" ಅಂತ ಗೊಣಗಿದ್ದಕ್ಕೆ ಮಾವ ಮೂಲೆಯ ರಾಶಿ ತೋರಿಸಿ "ನೆಟ್ ಇಲ್ಲೇ ಇತ್ತಲೆ ಮಾರಾಯ್ತಿ, ಬೇಕಾದಷ್ಟ್" ಅಂದರು. (ನಮ್ಮ ಕಡೆ 'ಇತ್ತ್' ಅಂದರೆ ಈಗಲೂ ಇದೆ ಅಂತ. ಬೆಂಗಳೂರಿನ ಗೆಳತಿಯರು ಇದನ್ನು ಕೇಳಿ ಎಷ್ಟೋ ಸಲ ತಬ್ಬಿಬ್ಬಾಗಿದ್ದಾರೆ.) ಈ ನೆಟ್ ಜೋಕನ್ನು ಮಾವ ನಾನು ಬಂದಾಗಲೆಲ್ಲ ಹೇಳುತ್ತಾರೆ. ಈ ಸಲ ಮಾತ್ರ ಎದ್ದು ಹೋಗಿ ರಾಶಿಯ ಪಕ್ಕ ಕೂತೆ.

ಜೂನ್ 1ರಿಂದ ಜುಲೈ 31ರ ತನಕ, ಒಟ್ಟು 61 ದಿನ, ದೊಡ್ಡ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮರಿ ಮಾಡುವ ಕಾಲ ಅಂತ ಸರ್ಕಾರದ ನಿಷೇಧ. ಮಾವನದು ನಾಡದೋಣಿ, ಹಿಂದೆ 9.9 ಎಚ್‌ಪಿಯ ಸೀಮೆಎಣ್ಣೆ ಎಂಜಿನ್. 10 ಎಚ್‌ಪಿಯೊಳಗಿನ ದೋಣಿಗೆ ನಿಷೇಧ ಇಲ್ಲ. ಕಡಲು ಸ್ವಲ್ಪ ತಣ್ಣಗಾದ ದಿನ ಅವರು ಹೋಗುತ್ತಾರೆ, ಬಂದರೆ ಒಳ್ಳೆಯ ಮೀನೇ ಬರುತ್ತದೆ. ಆ ವಾರ ಕಡಲು ತಣ್ಣಗಾಗುವ ಲಕ್ಷಣ ಇರಲಿಲ್ಲ. ಮನೆಯೊಳಗೆ ಕೂತರೂ ಅಲೆಯ ಸದ್ದು ಎದೆಗೆ ಬಡಿಯುತ್ತಿತ್ತು.

ಬಲೆಯ ಒಂದು ತುದಿಯನ್ನು ಜಗಲಿಯ ಕಂಬಕ್ಕೆ ಕಟ್ಟಿ, ಇನ್ನೊಂದು ಕಡೆ ಒಂದು ಕಣ್ಣನ್ನು (ನಾಲ್ಕು ಗಂಟಿನ ನಡುವಿನ ಕಿಂಡಿಗೆ ಕಣ್ಣು ಅನ್ನುತ್ತಾರೆ) ಮಾವ ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡರು. ಬಲೆ ಬಿಗಿಯಾಗಿ ನಿಂತಿತು. ಎರಡು ಕೈಯೂ ಖಾಲಿ. ಈ ಕೆಲಸಕ್ಕೆ ಟೇಬಲ್ಲೂ ಬೇಡ, ಸ್ಟ್ಯಾಂಡೂ ಬೇಡ, ಒಂದು ಹೆಬ್ಬೆರಳು ಸಾಕು.

"ಇದ್ ಯಾರ್ ಮಾಡದ್ದ್, ಹೇಳ್ ಕಾಂಬ" ಅಂತ ಮೊದಲ ತೂತು ತೋರಿಸಿದರು.

ನನಗೆ ಎಲ್ಲ ತೂತೂ ಒಂದೇ. ಮಾವನಿಗೆ ಹಾಗಲ್ಲ. ನಾಲ್ಕೈದು ಕಣ್ಣು ಹರಿದು, ಸುತ್ತ ದಾರ ಜುಂಜು ಜುಂಜಾಗಿ ಎದ್ದಿದ್ದರೆ ಅದು ಏಡಿ. ಏಡಿ ಬಲೆಗೆ ಸಿಕ್ಕಿದರೆ ಸುಮ್ಮನಿರುವ ಪ್ರಾಣಿ ಅಲ್ಲ. ಕಾಲೆಲ್ಲ ಸುತ್ತಿಕೊಂಡು ಕೊಂಬಿನಲ್ಲಿ ಕತ್ತರಿಸುತ್ತದೆ. ಬಿಡಿಸುವಾಗ ನಾವು ಎಳೆದು ಹರಿಯುವುದು ಬೇರೆ. "ಅರ್ಧ ಏಡಿದ್, ಅರ್ಧ ನಮ್ದ್" ಅಂದರು ಮಾವ. ದುಂಡಗೆ, ಬ್ಲೇಡಿನಲ್ಲಿ ಕೊಯ್ದ ಹಾಗಿದ್ದರೆ ಅದು ಹೊಟ್ಟೆ ಉಬ್ಬಿಸಿಕೊಂಡು ಚೆಂಡಾಗುವ ಮೀನು. ಅದರ ಬಾಯಲ್ಲಿ ನಾಲ್ಕೇ ಹಲ್ಲು, ನಾಲ್ಕೂ ಸೇರಿ ಗಿಣಿಯ ಕೊಕ್ಕಿನ ಹಾಗೆ ಆಗಿರುತ್ತವೆ. ಬಲೆಯಲ್ಲಿ ಸಿಕ್ಕ ಬೇರೆ ಮೀನನ್ನು ತಿನ್ನಲು ಬಂದು ದಾರ ಸಮೇತ ಕಚ್ಚಿಕೊಂಡು ಹೋಗುತ್ತದೆ. ಮಾವ ಅದಕ್ಕೆ ಇಟ್ಟ ಹೆಸರು ಇಲ್ಲಿ ಬರೆಯುವಂಥದ್ದಲ್ಲ.

ಮೂರನೆಯದು ಉದ್ದಕ್ಕೆ ಸೀಳಿದ್ದು, ಒಂದು ಮಾರಿಗೂ ಜಾಸ್ತಿ. ಅಂಚಿನ ಗಂಟುಗಳೆಲ್ಲ ಎಳೆತಕ್ಕೆ ಬಿಗಿದು ಕಲ್ಲಾಗಿದ್ದವು. ಅದು ಹೊಳೆ ನೆರೆಯಲ್ಲಿ ತೇಲಿ ಬಂದ ಮರದ ದಿಮ್ಮಿ. ಘಟ್ಟದ ಮೇಲೆ ಮಳೆ ಹೊಯ್ದರೆ ಇಲ್ಲಿ ಬಲೆಗೆ ಮರ ಬೀಳುತ್ತದೆ.

ನಾಲ್ಕನೆಯ ತೂತಿನ ಹತ್ತಿರ ನಾನೇ ಬಾಯಿ ಹಾಕಿದೆ. ಅದು ಓರೆಯಾಗಿ, ನೇರ ಗೆರೆ ಎಳೆದ ಹಾಗೆ ಇತ್ತು. ಜುಂಜಿಲ್ಲ, ಗಂಟು ಬಿಗಿದಿಲ್ಲ. "ಇದು?" ಅಂದೆ.

"ಅದ್ ಆಮೇಲ್ ಕಾಂಬ" ಅಂತ ಬಲೆಯನ್ನು ಆಚೆ ತಳ್ಳಿದರು.

ಈಗ ಕತ್ತರಿಯ ವಿಷಯ. ಬಲೆಯ ಒಂದೊಂದು ಗಂಟಿನಿಂದಲೂ ನಾಲ್ಕು ದಾರ ಹೊರಡುತ್ತವೆ. ಮಾವ ಅದನ್ನು ಕಾಲು ಅನ್ನುತ್ತಾರೆ. ಬಲೆ ಹರಿದಾಗ ಕೆಲವು ಗಂಟಿಗೆ ಮೂರು ಕಾಲು ಉಳಿದಿರುತ್ತದೆ, ಕೆಲವಕ್ಕೆ ಎರಡು, ಕೆಲವಕ್ಕೆ ಒಂದೇ. ಹಾಗೇ ಹೊಲಿಯಲು ಹೊರಟರೆ ದಾರಿಯೇ ಸಿಗುವುದಿಲ್ಲ. ಒಂಟಿ ಕಾಲಿನದನ್ನೆಲ್ಲ ಕತ್ತರಿಸಿ ತೆಗೆಯಬೇಕು. ಸುತ್ತಲೂ ಎರಡು ಕಾಲಿನವು ಮಾತ್ರ ಉಳಿಯಬೇಕು. ಆದರೆ ಮೇಲೆ ಒಂದು, ಕೆಳಗೆ ಒಂದು, ಮೂರು ಕಾಲಿನ ಗಂಟನ್ನು ಬಿಟ್ಟಿರಬೇಕು. ಮೇಲಿನ ಮೂರು ಕಾಲಿನಿಂದ ಹೊಸ ದಾರ ಶುರು, ಕೆಳಗಿನ ಮೂರು ಕಾಲಿಗೆ ಬಂದು ಮುಕ್ತಾಯ. ನಡುವೆ ದಾರ ಎಲ್ಲೂ ಕಡಿಯುವುದಿಲ್ಲ. ಅಂಗೈಯಗಲದ ತೂತು ಇದೆಲ್ಲ ಮುಗಿಯುವ ಹೊತ್ತಿಗೆ ತಟ್ಟೆಯಷ್ಟಾಗಿರುತ್ತದೆ.

ಕೇಳಲು ಸುಲಭ. ನಾನು ಮೊದಲನೇ ತೂತಿನಲ್ಲೇ ಮೂರು ಕಾಲಿನ ಗಂಟಿನ ಒಂದು ಕಾಲನ್ನು ಕತ್ತರಿಸಿಬಿಟ್ಟೆ. ಅಲ್ಲಿಗೆ ಶುರು ಮಾಡುವ ಜಾಗವೇ ಹೋಯಿತು. ಮಾವ ಬೈಯಲಿಲ್ಲ. ಕನ್ನಡಕ ಸರಿಮಾಡಿಕೊಂಡು ಬೆರಳಿನಲ್ಲಿ ಗಂಟುಗಳನ್ನು ಮುಟ್ಟುತ್ತಾ ಹೋದರು, ಮೇಲೆ ಇನ್ನೆರಡು ಕಡೆ ಕತ್ತರಿಸಿ ಹೊಸ ಮೂರು ಕಾಲು ಹುಡುಕಿ ಕೊಟ್ಟರು. "ಏಡಿ ನಾಲ್ಕ್ ಕಣ್ ತಿಂತ್, ನೀನ್ ಎರಡ್" ಅಂದರು ಅಷ್ಟೇ.

ಆಮೇಲೆ ಸೂಜಿ. ಬಟ್ಟೆ ಹೊಲಿಯುವ ಸೂಜಿಯ ಕಲ್ಪನೆ ಬಿಡಿ. ಇದು ಚಪ್ಪಟೆ, ಗೇಣುದ್ದ, ಪ್ಲಾಸ್ಟಿಕ್ಕಿನದು. ಒಳಗೆ ಒಂದು ನಾಲಿಗೆ, ಕೆಳಗೆ ಕವೆ. ದಾರವನ್ನು ನಾಲಿಗೆಗೆ ಸಿಕ್ಕಿಸಿ, ಕವೆಗೆ ತಂದು, ಸೂಜಿ ತಿರುಗಿಸಿ, ಮತ್ತೆ ನಾಲಿಗೆಗೆ. ಹೀಗೆ ಹತ್ತಾರು ಸುತ್ತು. ಸೂಜಿ ತನ್ನ ಹೊಟ್ಟೆಯಲ್ಲೇ ದಾರ ಹೊತ್ತುಕೊಂಡು ಓಡಾಡುತ್ತದೆ. ದಾರ ಜಾಸ್ತಿ ತುಂಬಿದರೆ ಹೊಟ್ಟೆ ದಪ್ಪವಾಗಿ ಕಣ್ಣಿನಲ್ಲಿ ತೂರುವುದಿಲ್ಲ. ನಾನು ತುಂಬಿದ ಮೊದಲ ಸೂಜಿ ಹಾಗೇ ಸಿಕ್ಕಿಹಾಕಿಕೊಂಡಿತು. ಅಜ್ಜನ ಕಾಲದ ಬಿದಿರಿನ ಸೂಜಿಯೊಂದು ಮಾಡಿನ ಸಂದಿಯಲ್ಲಿ ಈಗಲೂ ಇದೆ. ಹಿಡಿದರೆ ಬೆಣ್ಣೆಯ ಹಾಗೆ ಜಾರುತ್ತದೆ, ಅಷ್ಟು ಸವೆದಿದೆ.

ದಾರದ ಉಂಡೆಗೆ ಅಂಟಿಸಿದ ಚೀಟಿಯಲ್ಲಿ 210/2/3 ಅಂತ ಇತ್ತು. 210 ಅಂದರೆ ಎಳೆಯ ಡೆನಿಯರ್: 9,000 ಮೀಟರ್ ಎಳೆ ತೂಗಿದರೆ 210 ಗ್ರಾಂ. ಅಂಥ ಎರಡು ಎಳೆ ಹೊಸೆದರೆ ಒಂದು ಹುರಿ, ಮೂರು ಹುರಿ ಹೊಸೆದರೆ ಈ ದಾರ. ಮಾವ ಚೀಟಿ ಓದುವುದಿಲ್ಲ. ಹಲ್ಲಿನ ನಡುವೆ ಇಟ್ಟು ಕಚ್ಚಿ "ಇದೇ" ಅನ್ನುತ್ತಾರೆ. ಹಳೆಯ ದಾರಕ್ಕಿಂತ ದಪ್ಪದ್ದು ಹಾಕಿದರೆ ಪಕ್ಕದ ಕಣ್ಣು ಹರಿಯುತ್ತದಂತೆ.

ಗಂಟು ಹೀಗೆ. ಸೂಜಿಯನ್ನು ಮೇಲಿನ ಕಣ್ಣಿನೊಳಗೆ ಕೆಳಗಿನಿಂದ ತೂರಿಸಿ ಎಳೆಯಬೇಕು. ಹೊಸ ಕಣ್ಣು ಪಕ್ಕದ ಕಣ್ಣಿನಷ್ಟೇ ಆಯಿತು ಅನ್ನುವಾಗ ನಿಲ್ಲಿಸಿ, ದಾರ ಕೂಡಿದ ಜಾಗವನ್ನು ಹೆಬ್ಬೆರಳು, ತೋರುಬೆರಳಲ್ಲಿ ಚಿವುಟಿ ಹಿಡಿಯಬೇಕು. ದಾರವನ್ನು ಎಡಕ್ಕೆ ಬೀಸಿ ಒಂದು ಬಳೆ ಮಾಡಿ, ಸೂಜಿಯನ್ನು ಮೇಲಿನ ಕಣ್ಣಿನ ಎರಡೂ ಕಾಲುಗಳ ಹಿಂದಿನಿಂದ ತಂದು ಆ ಬಳೆಯಲ್ಲಿ ತೂರಿಸಿ ಬಿಗಿಯಬೇಕು. ಚಿವುಟಿದ ಬೆರಳು ಕೂದಲೆಳೆಯಷ್ಟು ಸಡಿಲವಾದರೂ ಗಂಟು ಕಣ್ಣಿನ ಕೆಳಗೆ ಜಾರಿ ಕೂರುತ್ತದೆ. ನೋಡಲು ಗಂಟೇ. ಎಳೆದರೆ ಸರ್ರನೆ ಓಡುತ್ತದೆ. ನೈಲಾನು ನುಣುಪಾದ್ದರಿಂದ ಮಾವ ಇನ್ನೊಂದು ಸುತ್ತು ಹಾಕಿಯೇ ಬಿಗಿಯುತ್ತಾರೆ. ನನ್ನ ಮೊದಲ ಹತ್ತು ಗಂಟಿನಲ್ಲಿ ಏಳು ಓಡಿದವು. ಮಾವ ಒಂದೊಂದನ್ನೂ ಕಿರುಬೆರಳಿನಲ್ಲಿ ಕೊಕ್ಕೆ ಹಾಕಿ ಎಳೆದು ನೋಡುತ್ತಿದ್ದರು. ಓಡಿದ್ದನ್ನು ಕಂಡು ಅವರಿಗೆ ಸ್ವಲ್ಪ ಖುಷಿಯೂ ಆಗುತ್ತಿತ್ತು ಅಂತ ನನ್ನ ಗುಮಾನಿ.

ಹೊಸ ಬಲೆ ಹೆಣೆಯುವಾಗ ಅಳತೆಗೆ ಒಂದು ಪಟ್ಟಿ ಬೇಕು. ದುರಸ್ತಿಯಲ್ಲಿ ಪಕ್ಕದ ಕಣ್ಣೇ ಅಳತೆ. ಅದು ತಪ್ಪಿದರೆ ಏನಾಗುತ್ತದೆ ಅಂತ ಕೇಳಿದೆ. ಮಾವ ತಮ್ಮ ತಲೆಯನ್ನೇ ಮುಂದೆ ಚಾಚಿ ತೋರಿಸಿದರು: ಮೀನು ತಲೆ ತೂರಿಸುತ್ತದೆ, ಹೊಟ್ಟೆ ದಪ್ಪ, ಮುಂದೆ ಹೋಗಲಾಗುವುದಿಲ್ಲ. ಹಿಂದೆ ಬರೋಣ ಅಂದರೆ ಕಿವಿರಿನ ಮುಚ್ಚಳಕ್ಕೆ ದಾರ ಸಿಕ್ಕಿಕೊಳ್ಳುತ್ತದೆ. ಕಣ್ಣು ದೊಡ್ಡದಾದರೆ ಬಂಗಡೆ ದಾಟಿ ಹೋಗುತ್ತದೆ, ಸಣ್ಣದಾದರೆ ಮೂತಿ ತಾಗಿಸಿ ವಾಪಸು ಹೋಗುತ್ತದೆ. ಬೈಗೆ, ಅಂದರೆ ಭೂತಾಯಿ ಮೀನು, ಹಿಡಿಯುವ ಬಲೆಯೇ ಬೇರೆ, ಕಣ್ಣು ಇನ್ನೂ ಸಣ್ಣದು. ಎಳೆದು ಹಿಡಿದರೆ ಒಂದು ಗೆರೆಯಾಗುವ ಈ ಕಣ್ಣು ನೀರಿನಲ್ಲಿ ಶಂಕರಪೋಳಿಯ ಆಕಾರದಲ್ಲಿ ಬಿಚ್ಚಿ ನಿಲ್ಲಬೇಕು. ಅದಕ್ಕೇ ನೂರು ಮೀಟರ್ ಬಲೆಯನ್ನು ಸುಮಾರು ಐವತ್ತು ಮೀಟರ್ ಹಗ್ಗಕ್ಕೆ ನೆರಿಗೆ ಹಿಡಿದ ಹಾಗೆ ಕಟ್ಟುತ್ತಾರೆ. ಮದುವೆ ಸೀರೆ ಉಡಿಸುವವರಿಗೆ ಇದು ಬೇಗ ಅರ್ಥವಾಗಬಹುದು.

ಮಧ್ಯಾಹ್ನ ಗಂಜಿ, ಒಣಮೀನು ಚಟ್ನಿ. ಬೆರಳಿನ ಸಂದಿಯಲ್ಲಿ ದಾರ ಕೊಯ್ದ ಜಾಗಕ್ಕೆ ಚಟ್ನಿಯ ಖಾರ ತಾಗಿ ಕಣ್ಣಲ್ಲಿ ನೀರು ಬಂತು. ಅತ್ತೆ ನಕ್ಕರು. ಅಜ್ಜಿಯ ಕಾಲದಲ್ಲಿ ದಾರವನ್ನೂ ಮನೆಯಲ್ಲೇ ಮಾಡುತ್ತಿದ್ದರು ಅಂತ ಅವರು ಹೇಳಿದರು. ಸಣಬಿನ ನಾರು ತಂದು ಹೆಂಗಸರು ಹೊಸೆಯುವುದು, ಗಂಡಸರು ಹೆಣೆಯುವುದು. ಆ ಬಲೆಯನ್ನು ಮರದ ತೊಗಟೆ ಕುದಿಸಿದ ನೀರಿನಲ್ಲಿ ಅದ್ದಿ ಒಣಗಿಸಬೇಕು, ಇಲ್ಲದಿದ್ದರೆ ಕೊಳೆತು ಹೋಗುತ್ತದೆ. ರಂಪಣಿ ಬಲೆಗೆ ಒಂದೊಂದು ಮನೆಯವರೂ ತಮ್ಮ ತುಂಡು ತರುತ್ತಿದ್ದರು. ಎಲ್ಲ ಸೇರಿಸಿದರೆ ಕಿಲೋಮೀಟರಿಗೂ ಉದ್ದ. ಎಳೆಯಲು ಊರಿಗೆ ಊರೇ ದಡದಲ್ಲಿ. ನಿನ್ನ ತುಂಡು ಹರಿದಿದ್ದರೆ ಮೀನು ಹೋಗುವುದು ಎಲ್ಲರದೂ, ಹಾಗಾಗಿ ಯಾರ ಮನೆಯ ಗಂಟು ಹೇಗೆ ಅಂತ ಊರಿಗೇ ಗೊತ್ತಿರುತ್ತಿತ್ತು. 1970ರ ದಶಕದ ನಡುವೆ, ಕಡಲಲ್ಲೇ ಮೀನಿನ ಹಿಂಡಿಗೆ ಬಲೆ ಸುತ್ತಿ ಹಿಡಿಯುವ ಪರ್ಸಿನ್ ಬೋಟು ಬಂತು, ರಂಪಣಿ ಮೂಲೆಗೆ ಹೋಯಿತು. ನೈಲಾನು ಅದಕ್ಕಿಂತ ಮೊದಲೇ ಬಂದಿತ್ತು. ಈಗ ಬಲೆಯ ಬಟ್ಟೆ ಮಿಷನ್ನಿನಲ್ಲೇ ಆಗಿ ಕಿಲೋ ಲೆಕ್ಕದಲ್ಲಿ ಸಿಗುತ್ತದೆ. ಹೆಣೆಯುವ ಕೆಲಸ ಹೋಗಿ ಹೊಲಿಯುವ ಕೆಲಸ ಮಾತ್ರ ಕೈಯಲ್ಲಿ ಉಳಿದಿದೆ. ಹೊಸೆಯದ ಒಂಟಿ ಎಳೆಯ ತಂಗೂಸಿ ಬಲೆಗೆ ಅದೂ ಇಲ್ಲ. ಹರಿದರೆ ಎಸೆಯುವುದೇ. ಗಂಟು ನಿಲ್ಲುವುದಿಲ್ಲ, ಹೊಲಿಯುವ ಕೂಲಿಗೆ ಹೊಸದೇ ಬರುತ್ತದೆ. ಹಾಗೆ ಎಸೆದ ಬಲೆ ಕಡಲಲ್ಲಿ ಯಾರಿಗೂ ಬೇಡದ ಮೀನು ಹಿಡಿಯುತ್ತಾ ಇರುತ್ತದೆ. ನನಗೆ ಇದು ಸರಿ ಅನ್ನಿಸುವುದಿಲ್ಲ. ಆದರೆ ಸೀಮೆಎಣ್ಣೆಗೆ ದುಡ್ಡು ಹೊಂದಿಸುವವರ ಜಗಲಿಯಲ್ಲಿ ಕೂತು ಅದನ್ನು ಹೇಳುವ ಧೈರ್ಯವೂ ಬರಲಿಲ್ಲ.

ಊಟದ ನಂತರ ದಿಮ್ಮಿ ಸೀಳಿದ ಜಾಗವನ್ನು ಮಾವ ಹಿಡಿದರು. ಅವರ ಕೈ ನೋಡುತ್ತಾ ಕೂತರೆ ಗಂಟು ಬೀಳುವುದೇ ಕಾಣುವುದಿಲ್ಲ. ಕೈ ಒಂದು ಸಲ ಬೀಸುತ್ತದೆ, ಒಂದು ಸಲ ಜಗ್ಗುತ್ತದೆ, ಕಣ್ಣು ಆಗಿರುತ್ತದೆ. ನಾನು ಮೆಲ್ಲಗೆ ನಾಲ್ಕನೆಯ ತೂತನ್ನು ಎಳೆದುಕೊಂಡೆ. ಕತ್ತರಿಸಿದ ತುದಿಗಳೆಲ್ಲ ಒಂದೇ ಸಾಲಿನಲ್ಲಿದ್ದವು. ಏಡಿಯಲ್ಲ, ಮೀನಲ್ಲ, ಮರವಲ್ಲ.

"ಮಾವಾ, ಇದು ಚೂರಿ ಅಲ್ವಾ?"

ಉತ್ತರ ಇಲ್ಲ. ಮಾವ ಸೂಜಿಗೆ ದಾರ ತುಂಬುವುದರಲ್ಲಿ ಮುಳುಗಿದ್ದರು. ಆ ಸೂಜಿಯಲ್ಲಿ ದಾರ ಇನ್ನೂ ಅರ್ಧ ಇತ್ತು. ಒಳಗಿನಿಂದ ಅತ್ತೆಯ ದನಿ ಬಂತು: "ಹೇಳಿ, ಹೇಳಿ. ಫ್ಯಾನಿಗೆ ಬಲೆ ಸುತ್ತದ್ ಯಾರ್ ಅಂದ್ಹೇಳಿ!"

ಕಥೆ ಹೊರಗೆ ಬಂದದ್ದು ಅತ್ತೆಯ ಬಾಯಿಂದ. ಬಲೆ ಪೂರ್ತಿ ಮೇಲೆ ಬರುವ ಮೊದಲೇ ಮಾವ ಎಂಜಿನ್ ಸ್ಟಾರ್ಟ್ ಮಾಡಿದ್ದಾರೆ. ಬಲೆ ಎಂಜಿನ್ನಿನ ಫ್ಯಾನಿಗೆ, ನೀರೊಳಗೆ ತಿರುಗುವ ರೆಕ್ಕೆಗೆ, ಸುತ್ತಿಕೊಂಡಿದೆ. ಅಲೆ ಬೇರೆ, ದೋಣಿ ಅಡ್ಡ ತಿರುಗುತ್ತಿತ್ತು. ಚೂರಿ ತೆಗೆದು ಕೊಯ್ಯದೆ ಬೇರೆ ದಾರಿ ಇರಲಿಲ್ಲ. ಮೂವತ್ತು ವರ್ಷದಿಂದ ಹುಡುಗರಿಗೆಲ್ಲ "ಬಲೆ ಮೇಲ್ ಬಪ್ಪಲ್ಲಿವರಿಗೂ ಎಂಜಿನ್ ಮುಟ್ಟಬೇಡಿ" ಅಂತ ಹೇಳಿಕೊಟ್ಟವರು ಇವರೇ.

"ಮಳೆ ಜೋರಾಯ್ತ್" ಅಂದರು ಮಾವ. ಜೋರೇನೂ ಆಗಿರಲಿಲ್ಲ.

ಆ ತೂತನ್ನು ನನಗೇ ಬಿಟ್ಟರು. ಮೂರು ಕಾಲನ್ನು ನಾನೇ ಹುಡುಕಿದೆ, ಕಾಲಿನ ಹೆಬ್ಬೆರಳಿಗೆ ಕಣ್ಣು ಸಿಕ್ಕಿಸಿಕೊಂಡೆ. ಕತ್ತಲಾಗುವ ಹೊತ್ತಿಗೆ ಕೊನೆಯ ಸಾಲಿಗೆ ಬಂದೆ. ಕೆಳಗಿನ ಮೂರು ಕಾಲಿನ ಗಂಟಿಗೆ ದಾರ ಸರಿಯಾಗಿ ಬಂದು ಸೇರಿತು. ಒಂದು ಕಣ್ಣು ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಮಾವ ಟಾರ್ಚ್ ಹಾಕಿ ಒಂದೊಂದೇ ಗಂಟನ್ನು ಕಿರುಬೆರಳಿನಲ್ಲಿ ಎಳೆದರು. ಎರಡು ಓಡಿದವು. ಅದನ್ನು ಬಿಚ್ಚಿ ಅವರೇ ಕಟ್ಟಿದರು, ಏನೂ ಹೇಳಲಿಲ್ಲ.

ನೂಲ ಹುಣ್ಣಿಮೆ ಕಳೆದ ಮೇಲೆ ಒಂದು ದಿನ ಆಫೀಸಿನಲ್ಲಿದ್ದಾಗ ಮಾವನ ಫೋನು. ಮಾವ ಸುಮ್ನೆ ಫೋನು ಮಾಡುವವರಲ್ಲ. ಗಾಬರಿಯಲ್ಲಿ ಮೀಟಿಂಗಿನಿಂದ ಎದ್ದು ಹೊರಗೆ ಬಂದೆ.

"ನೀನ್ ಕಟ್ಟದ್ದ್ ನಿಂತಿತ್ ಕಾಣ್" ಅಂದರು. "ಅದ್ರ್ ಪಕ್ಕದ್ದ್ ಹರ್ದಿತ್."

"ಯಾರ್ ಮಾಡಿದ್ದು ಮಾವಾ?"

"ಏಡಿ, ಏಡಿ" ಅಂದರು, ಸ್ವಲ್ಪ ಬೇಗನೇ.