ಬ್ಯಾಟರಿಯದ್ದಲ್ಲ ಮಾರಾಯ್ರೇ

ಕಾರ್ಬ್ಯುರೇಟರ್ ಕಾಲದ ಕಾರು. ಹಿಂದಿನ ಯಜಮಾನರು ಫಾಗ್ ಲೈಟ್, ಜೋರು ಹಾರ್ನ್, ಸ್ಟೀರಿಯೋ ಎಲ್ಲ ಹಾಕಿಸಿದ್ದರು. ಕುಂಬಳೆಯಿಂದ ಬದಿಯಡ್ಕಕ್ಕೆ ಬರುವಾಗ ಒಮ್ಮೊಮ್ಮೆ ಹೆಡ್‌ಲೈಟ್ ಮಂಕು, ಇಂಡಿಕೇಟರ್ ಹಾಕಿದರೆ ಮೀಟರಿನ ಲೈಟೂ ಮಿಣಮಿಣ. ಗ್ಯಾರೇಜಿನ ಎದುರು ನಿಲ್ಲಿಸಿದರೆ ಮಾತ್ರ ಪಾಪದ ದನ!

ಬ್ಯಾಟರಿ ಬದಲಿಸಿ ಅಂದವರೇ ಜಾಸ್ತಿ. ಮಲ್ಟಿಮೀಟರ್ ಇಟ್ಟರೆ ನಿಂತಾಗ 12.6 ವೋಲ್ಟ್, ಎಂಜಿನ್ ಓಡುವಾಗ 14ರ ಆಸುಪಾಸು. ಅಲ್ಲಿಗೆ ಬ್ಯಾಟರಿ, ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಎರಡೂ ಪಾಸ್. ಮತ್ತೆ ಲೈಟೆಲ್ಲ ಹಾಕಿ, ಬ್ಯಾಟರಿಯ ನೆಗೆಟಿವ್‌ಗೂ ಲೈಟಿನ ಅರ್ತ್ ವೈರಿಗೂ (ಕರೆಂಟು ಕಾರಿನ ಬಾಡಿಯ ಮೂಲಕ ಬ್ಯಾಟರಿಗೆ ವಾಪಸ್ ಬರುವ ದಾರಿ) ನಡುವೆ ಅಳೆದೆ. ಅಲ್ಲಿ 0.2 ವೋಲ್ಟಿಗಿಂತ ಹೆಚ್ಚು ತೋರಿಸಬಾರದು. ವೈರ್ ಅಲ್ಲಾಡಿಸಿದ ಹಾಗೆ 1 ವೋಲ್ಟ್ ದಾಟಿ ಹಾರುತ್ತಿತ್ತು. ನೋಡಿದರೆ ಅಷ್ಟೂ ಫಿಟ್ಟಿಂಗಿನ ಅರ್ತ್ ಒಂದೇ ಬೋಲ್ಟಿಗೆ, ಅದೂ ಕರೆಂಟು ಹರಿಯದ ಪೇಂಟಿನ ಮೇಲೆ! ಅಡಿಯಲ್ಲಿ ತುಕ್ಕು. ಕಡಲ ಗಾಳಿ, ಆಟಿಯ ಮಳೆ, ಇನ್ನೇನಾಗಬೇಕು?

ಕರೆಂಟು ಹೋಗುವ ದಾರಿಗೆ ಫ್ಯೂಸು, ಸ್ವಿಚ್ಚು ಅಂತ ಎಷ್ಟು ಉಪಚಾರ. ವಾಪಸ್ ಬರುವ ದಾರಿಯನ್ನು ಕೇಳುವವರೇ ಇಲ್ಲ.

ಪೇಂಟ್ ಉಜ್ಜಿ, ಅರ್ತ್ ಬೇರೆ ಬೇರೆ ಮಾಡಿ, ಮೇಲೆ ವ್ಯಾಸಲೀನ್ ಹಚ್ಚಿದೆ. ಸ್ವಿಚ್ಚಿನ ಮೇಲೆ ಭಾರ ಬೀಳದ ಹಾಗೆ ಫಾಗ್ ಲೈಟಿಗೆ ರಿಲೇ ಬಂತು. ಹಾರ್ನ್ ಕಿತ್ತೇ ಹಾಕಿದೆ. ಪೆರ್ಲದ ತಿರುವಿನಲ್ಲಿ ಅಷ್ಟು ಜೋರು ಯಾರಿಗೆ ಬೇಕು, ಅಲ್ವಾ?