ಅತ್ತೆ, ಮಕ್ಕಳ ಜೊತೆ ಅಂಡಮಾನ್: ಮೂರನೇ ದ್ವೀಪ ಬೇಡವಾಗಿತ್ತು

ನಮ್ಮ ಟ್ರಾವೆಲ್ ಏಜೆಂಟ್ ಕೊಟ್ಟ ಹಾಳೆ ಇನ್ನೂ ನನ್ನ ಹತ್ತಿರ ಇದೆ. "5 ರಾತ್ರಿ, 6 ಹಗಲು, 3 ದ್ವೀಪ" ಅಂತ ದಪ್ಪ ಅಕ್ಷರದಲ್ಲಿ ಅಚ್ಚಾಗಿದೆ. ಪೋರ್ಟ್ ಬ್ಲೇರ್ ಊರಿರುವ ದ್ವೀಪ, ಆಮೇಲೆ ಹ್ಯಾವ್‌ಲಾಕ್, ಮೂರನೆಯದು ನೀಲ್. ಬೆಂಗಳೂರಿಗೆ ವಾಪಸ್ ಬಂದ ಮೇಲೆ ಪೆನ್ಸಿಲ್ ಹಿಡಿದು ಕೂತು ಲೆಕ್ಕ ಹಾಕಿದೆ. ಜೆಟ್ಟಿಯಲ್ಲಿ (ಹಡಗು ಹತ್ತುವ ಕಟ್ಟೆ) ಕಾದದ್ದು, ಹಡಗಿನಲ್ಲಿ ಕೂತದ್ದು, ಬ್ಯಾಗ್ ಕಟ್ಟಿದ್ದು ಬಿಚ್ಚಿದ್ದು, ರೂಮ್ ಕೊಡೋವರೆಗೆ ಹೋಟೆಲ್ ಬಾಗಿಲಲ್ಲಿ ಕೂತದ್ದು ಎಲ್ಲ ಕಳೆದೆ. ಬೆಳಕಿರುವಾಗ ಕಡಲ ಹತ್ತಿರ ನಾವು ಇದ್ದದ್ದು ಆರು ದಿನದಲ್ಲಿ ಬರೀ 14 ಗಂಟೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೋದವರು ಐದು ಜನ. ನಾನು, ನಮ್ಮ ಯಜಮಾನರು, 12 ವರ್ಷದ ಮಗ, 6 ವರ್ಷದ ಮಗಳು, 68 ವರ್ಷದ ಅತ್ತೆ. ಅತ್ತೆಗೆ ಮಂಡಿ ನೋವು. ಮೊಟ್ಟೆ ಕೂಡ ಮುಟ್ಟದ ಸಸ್ಯಾಹಾರಿ. ಮಕ್ಕಳ ಕ್ರಿಸ್‌ಮಸ್ ರಜೆಯಲ್ಲಿ ಹೋದೆವು. ನೀವೂ ಹೀಗೆ ಹಿರಿಯರು, ಮಕ್ಕಳನ್ನು ಕಟ್ಟಿಕೊಂಡು ಹೊರಡುವವರಾದರೆ ಮುಂದೆ ಓದಿ. ಗಂಡ ಹೆಂಡತಿ ಇಬ್ಬರೇ ಬೆನ್ನಿಗೊಂದು ಬ್ಯಾಗ್ ಹಾಕಿಕೊಂಡು ಹೋಗುವವರಿಗೆ ಇಷ್ಟು ಕಷ್ಟ ಆಗಲಿಕ್ಕಿಲ್ಲ.

ಮೊದಲು ಸೂರ್ಯನ ವಿಷಯ. ಇದನ್ನು ನಮಗೆ ಯಾರೂ ಹೇಳಿರಲಿಲ್ಲ. ಅಂಡಮಾನ್ ಬೆಂಗಳೂರಿಗಿಂತ ಎಷ್ಟೋ ಪೂರ್ವಕ್ಕಿದೆ. ಗಡಿಯಾರ ಮಾತ್ರ ನಮ್ಮದೇ. ಹಾಗಾಗಿ ಅಲ್ಲಿ ಕತ್ತಲೆ ನಮಗಿಂತ ಒಂದು ಗಂಟೆ ಮುಂಚೆಯೇ ಬಂದುಬಿಡುತ್ತದೆ. ಡಿಸೆಂಬರ್ ಕೊನೆಯಲ್ಲಿ ಸಂಜೆ 5ಕ್ಕೆಲ್ಲ ಸೂರ್ಯ ಮುಳುಗುತ್ತಾನೆ, 5.30ಕ್ಕೆ ಪೂರ್ತಿ ಕತ್ತಲು. ನಾವು ಮನೆಯ ಅಭ್ಯಾಸದಂತೆ ಊಟ ಮಾಡಿ, ಸ್ವಲ್ಪ ಮಲಗಿ, ಟೀ ಕುಡಿದು ರಾಧಾನಗರ ಬೀಚಿಗೆ ಹೊರಟೆವು. ಹ್ಯಾವ್‌ಲಾಕ್ ಜೆಟ್ಟಿಯಿಂದ ಅದು ಸುಮಾರು 12 ಕಿಲೋಮೀಟರ್. ಹೋಗಿ ತಲುಪುವಷ್ಟರಲ್ಲಿ 4.40. ಮಕ್ಕಳು ನೀರಿಗೆ ಇಳಿದು ಕಾಲು ಗಂಟೆ ಆಗಿತ್ತು ಅಷ್ಟೆ, ಲೈಫ್‌ಗಾರ್ಡ್‌ಗಳು ಸೀಟಿ ಊದಿ ಎಲ್ಲರನ್ನೂ ದಡಕ್ಕೆ ಕರೆದರು. ಅವರು ಮಾಡಿದ್ದು ಸರಿ. ಅಂಡಮಾನ್ ನೀರಿನಲ್ಲಿ ಮೊಸಳೆ ಇದೆ, ದಡದಲ್ಲೇ ಎಚ್ಚರಿಕೆ ಫಲಕ ಹಾಕಿದ್ದಾರೆ. ಕತ್ತಲಲ್ಲಿ ನೀರಿನಲ್ಲಿ ಇರಲೇಬಾರದು. ಆದರೆ ಮಗಳು ಅಳುತ್ತಾ ಆಟೋ ಹತ್ತಿದ್ದು ನನಗೆ ಇವತ್ತಿಗೂ ಸಂಕಟ. ಮಾರನೇ ದಿನ ಬೆಳಿಗ್ಗೆ 6ಕ್ಕೆ ಅದೇ ಬೀಚಿಗೆ ಮತ್ತೆ ಹೋದೆವು. ಅಷ್ಟುದ್ದ ಮರಳಿನ ಮೇಲೆ ನಮ್ಮನ್ನು ಬಿಟ್ಟರೆ ಎಂಟು ಹತ್ತು ಜನ. ನೀರು ಗಾಜಿನ ಹಾಗಿತ್ತು. ನಿಂತಲ್ಲಿಂದಲೇ ನನ್ನ ಕಾಲ್ಬೆರಳು ಕಾಣುತ್ತಿತ್ತು. ಅತ್ತೆ ಸೀರೆ ಎತ್ತಿಕಟ್ಟಿ ಮಂಡಿವರೆಗೆ ನೀರಿಗಿಳಿದು ಅರ್ಧ ಗಂಟೆ ಸುಮ್ಮನೆ ನಿಂತರು. ಇಡೀ ಪ್ರವಾಸದಲ್ಲಿ ನನಗೆ ಉಳಿದ ಚಿತ್ರ ಅದು. ಬೀಚಿಗೆ ಬೆಳಿಗ್ಗೆ ಹೋಗಿ. ಸಂಜೆ ಹೋಗುವುದೇ ಆದರೆ 3 ಗಂಟೆಗೆ ಅಲ್ಲಿರಿ.

ಎರಡನೆಯದು, ಹಾಳೆಯನ್ನು ಕ್ಯಾಲೆಂಡರ್ ಪಕ್ಕ ಇಟ್ಟು ಓದಿ. ನಾವು ಪೋರ್ಟ್ ಬ್ಲೇರ್‌ನಲ್ಲಿ ಇಳಿದದ್ದು ಸೋಮವಾರ. ಅವತ್ತು ಮಧ್ಯಾಹ್ನಕ್ಕೆ ಬ್ರಿಟಿಷರ ಕಾಲದ ಸೆಲ್ಯುಲರ್ ಜೈಲ್ ಅಂತ ಹಾಳೆಯಲ್ಲಿತ್ತು. ಹೋಗಿ ನೋಡಿದರೆ ಸೋಮವಾರ ರಜೆ, ಗೇಟಿಗೆ ಬೀಗ. ವರ್ಷವಿಡೀ ಅಂಡಮಾನ್ ಪ್ಯಾಕೇಜ್ ಮಾರುವವರಿಗೆ ಇದು ಗೊತ್ತಿರಲ್ವಾ? ಫೋನ್ ಮಾಡಿದರೆ "ಮೇಡಂ, ಹೊರಗಿಂದ ಫೋಟೋ ತಗೊಳ್ಳಿ" ಅಂದರು.

ಹೆಸರುಗಳ ಗೊಂದಲವನ್ನೂ ಹೇಳಿಬಿಡುತ್ತೇನೆ. ಹ್ಯಾವ್‌ಲಾಕ್‌ಗೆ ಸ್ವರಾಜ್ ದ್ವೀಪ, ನೀಲ್‌ಗೆ ಶಹೀದ್ ದ್ವೀಪ ಅಂತ 2018ರಲ್ಲಿ ಹೆಸರು ಬದಲಾಯಿತು. ಪೋರ್ಟ್ ಬ್ಲೇರ್ 2024ರಲ್ಲಿ ಶ್ರೀ ವಿಜಯ ಪುರಂ ಆಯಿತು. ಆಟೋದವರಿಂದ ಹಿಡಿದು ಹೋಟೆಲಿನವರವರೆಗೆ ಎಲ್ಲರ ಬಾಯಲ್ಲೂ ಹಳೆ ಹೆಸರೇ. ಹಡಗಿನ ಟಿಕೆಟ್ಟಿನಲ್ಲಿ ಮಾತ್ರ ಹೊಸ ಹೆಸರು. ಟಿಕೆಟ್ ನೋಡಿ ಗಾಬರಿ ಆಗಬೇಡಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ದ್ವೀಪದಿಂದ ದ್ವೀಪಕ್ಕೆ ಹೋಗುವುದು. ಪೋರ್ಟ್ ಬ್ಲೇರ್‌ನಿಂದ ಹ್ಯಾವ್‌ಲಾಕ್‌ಗೆ ಖಾಸಗಿ ಹಡಗಿನಲ್ಲಿ ಸುಮಾರು ಒಂದೂವರೆ ಗಂಟೆ. ಹ್ಯಾವ್‌ಲಾಕ್‌ನಿಂದ ನೀಲ್‌ಗೆ ಒಂದು ಗಂಟೆಯೂ ಬೇಡ. ಕಾಗದದ ಮೇಲೆ ನೋಡಿದರೆ ಮೆಜೆಸ್ಟಿಕ್‌ನಿಂದ ವೈಟ್‌ಫೀಲ್ಡ್‌ಗೆ ಹೋದಷ್ಟೇ ಹೊತ್ತು ಅನ್ನಿಸುತ್ತದೆ. ನಡೆಯುವುದೇ ಬೇರೆ. ಗುರುವಾರ ನಮ್ಮ ಹಡಗು 10 ಗಂಟೆಗೆ. 7.30ಕ್ಕೆ ರೂಮ್ ಖಾಲಿ ಮಾಡಿದೆವು. ಒಂದು ಗಂಟೆ ಮುಂಚೆ ಜೆಟ್ಟಿಯಲ್ಲಿ ಇರಬೇಕು, ಬ್ಯಾಗ್ ಸ್ಕ್ಯಾನ್ ಮಾಡಿಸಬೇಕು, ಒಬ್ಬೊಬ್ಬರ ಗುರುತಿನ ಚೀಟಿ ತೋರಿಸಬೇಕು. ಹಡಗು ಬಂದದ್ದು 11.40ಕ್ಕೆ. ರಜೆಯ ವಾರ, ಜೆಟ್ಟಿಯಲ್ಲಿ ಕಾಲಿಡಲು ಜಾಗವಿಲ್ಲ. ಅತ್ತೆಗೆ ಕೂರಲು ಒಂದು ಕುರ್ಚಿ ಸಿಗಲಿಲ್ಲ. ಕೊನೆಗೆ ನಮ್ಮ ಸೂಟ್‌ಕೇಸ್ ಮಲಗಿಸಿ ಅದರ ಮೇಲೆ ಕೂರಿಸಿದೆವು. ನೀಲ್ ತಲುಪಿ, ಬಿಸಿಲಲ್ಲಿ ಉದ್ದದ ಜೆಟ್ಟಿ ನಡೆದು ಹೋಟೆಲ್ ಸೇರಿದರೆ ರೂಮ್ ಕೊಡುವುದು 2 ಗಂಟೆಗೆ ಅಂದರು. ಊಟ ಮುಗಿದಾಗ 3. ಸೂರ್ಯನಿಗೆ ಇನ್ನು ಎರಡೇ ಗಂಟೆ.

ಆ ಎರಡು ಗಂಟೆಯಲ್ಲಿ ನ್ಯಾಚುರಲ್ ಬ್ರಿಡ್ಜ್ ನೋಡಲು ಹೋದೆವು. ಹವಳದ ಬಂಡೆ ಕಮಾನಿನ ಹಾಗೆ ನಿಂತಿರುವ ಜಾಗ. ಅದರ ಬುಡದವರೆಗೆ ಹೋಗಬೇಕಾದರೆ ಸಮುದ್ರ ಇಳಿದಿರಬೇಕು. ನಾವು ಹೋದಾಗ ಉಬ್ಬರ. ದಾರಿಯೆಲ್ಲ ನೀರಿನಡಿ. ಮಾರನೇ ದಿನ ಇಳಿತ ಬೆಳಿಗ್ಗೆ 10ಕ್ಕೆ ಅಂತ ಅಲ್ಲಿನ ಗೈಡ್ ಹುಡುಗ ಹೇಳಿದ. ನಮ್ಮ ವಾಪಸ್ ಹಡಗು 10.30ಕ್ಕೆ. ನೋಡದೇ ಬಂದೆವು. ಇಳಿದಾಗ ಬಂಡೆಗಳ ನಡುವಿನ ಗುಂಡಿಗಳಲ್ಲಿ ಏಡಿ, ಸಣ್ಣ ಮೀನು ಎಲ್ಲ ಕೈಗೆಟಕುವಷ್ಟು ಹತ್ತಿರ ಕಾಣುತ್ತವಂತೆ, ನನ್ನ ಮಗ ಅದಕ್ಕೆಂದೇ ತಿಂಗಳಿಂದ ಕಾದಿದ್ದ. ಉಬ್ಬರ ಇಳಿತದ ಸಮಯ ಫೋನಿನಲ್ಲೇ ಸಿಗುತ್ತದೆ, ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಟಿಕೆಟ್ ಬುಕ್ ಮಾಡುವ ಮುಂಚೆ ಅದನ್ನು ನೋಡಿಕೊಳ್ಳಿ. ಮೊದಲು ಸಮುದ್ರದ ಸಮಯ, ಆಮೇಲೆ ಹಡಗಿನ ಸಮಯ.

ನೀಲ್‌ನ ಆ ರೂಮಿನ ಬಗ್ಗೆಯೂ ಹೇಳಲೇಬೇಕು. ಒಂದು ರಾತ್ರಿಗೆ 7,800 ರೂಪಾಯಿ. ಅಂಥವು ಎರಡು ರೂಮ್. "ಸೀ ವ್ಯೂ ಕಾಟೇಜ್" ಅಂತ ಬರೆದಿತ್ತು. ಕಿಟಕಿ ತೆಗೆದರೆ ಅಡಿಕೆ ತೋಟ, ಅದರಾಚೆ ಒಂದು ತಗಡಿನ ಶೆಡ್ಡು. ಸಮುದ್ರ ಎಲ್ಲಿ ಅಂತ ಕೇಳಿದರೆ ಹುಡುಗ ವರಾಂಡದ ಮೂಲೆಗೆ ಕರೆದುಕೊಂಡು ಹೋಗಿ, ಎರಡು ತೆಂಗಿನ ಮರಗಳ ಸಂದಿಯಲ್ಲಿ ಒಂದು ಗೇಣು ನೀಲಿ ತೋರಿಸಿದ. ನಲ್ಲಿ ನೀರು ಉಪ್ಪುಪ್ಪು, ಸೋಪು ನೊರೆಯೇ ಬರುವುದಿಲ್ಲ. ರಾತ್ರಿ ಎರಡು ಸಲ ಕರೆಂಟ್ ಹೋಯಿತು, ಜನರೇಟರ್ ನಮ್ಮ ಗೋಡೆಗೆ ಅಂಟಿಕೊಂಡೇ ಇತ್ತು. ಸಣ್ಣ ದ್ವೀಪ, ಕರೆಂಟ್ ನೀರು ಕಷ್ಟ ಅನ್ನುವುದು ನನಗೆ ಅರ್ಥ ಆಗುತ್ತದೆ. ಅದಕ್ಕೆ ನಾನು ಬೇಜಾರು ಮಾಡಿಕೊಳ್ಳಲಿಲ್ಲ. ಇಲ್ಲದ ಸಮುದ್ರಕ್ಕೆ ದುಡ್ಡು ತೆಗೆದುಕೊಂಡದ್ದಕ್ಕೆ ಬೇಜಾರಾಯಿತು. ಅದೇ ದ್ವೀಪದ ಬಜಾರಿನ ಪಕ್ಕ ಸಾದಾ ಲಾಡ್ಜ್‌ನಲ್ಲಿ ಚೊಕ್ಕವಾದ ರೂಮ್ 1,800ಕ್ಕೆ ಇತ್ತು, ನಾನೇ ಒಳಗೆ ಹೋಗಿ ನೋಡಿ ಬಂದೆ. ನೀವು ಬುಕ್ ಮಾಡುವಾಗ ಹೋಟೆಲಿಗೇ ನೇರವಾಗಿ ವಿಡಿಯೋ ಕಾಲ್ ಮಾಡಿ, ಕೊಡುವ ರೂಮಿನ ಹಾಸಿಗೆ ಮೇಲೆ ನಿಂತು ಕಿಟಕಿ ತೋರಿಸಿ ಅನ್ನಿ.

ಇನ್ನು ಊಟ. ಹೊರಡುವ ಮುಂಚೆ ನನಗೆ ಇದ್ದ ದೊಡ್ಡ ಯೋಚನೆ ಇದೇ. ಅತ್ತೆಗೆ ಅಂತ ಅವಲಕ್ಕಿ, ಚಟ್ನಿಪುಡಿ, ಚಕ್ಕುಲಿ ಕಟ್ಟಿಕೊಂಡು ಹೋಗಿದ್ದೆ. ಹ್ಯಾವ್‌ಲಾಕ್‌ನಲ್ಲಿ ನಮ್ಮ ರೆಸಾರ್ಟಿನಲ್ಲಿ ಒಂದು ಪ್ಲೇಟ್ ದಾಲ್‌ಗೆ 380 ರೂಪಾಯಿ. ತರಕಾರಿ ಬಹಳಷ್ಟು ಹಡಗಿನಲ್ಲಿ ಬರಬೇಕು, ಜಾಸ್ತಿ ಆಗುವುದು ಸಹಜ. ಆದರೆ ಆ ದಾಲ್ ನೀರಿನಂತಿತ್ತು. ಎರಡನೇ ದಿನ ಯಜಮಾನರು ಗೋವಿಂದ ನಗರ ಬಜಾರಿನಲ್ಲಿ, ಅಂದರೆ 3ನೇ ನಂಬರ್ ಬೀಚಿನ ಕಡೆ, ಒಂದು ಗೂಡಿನಂಥ ಹೋಟೆಲ್ ಹುಡುಕಿಕೊಂಡು ಬಂದರು. ಬೋರ್ಡ್ ಇಲ್ಲ. ತಗಡಿನ ಸೂರು, ನಾಲ್ಕು ಮೇಜು, ನಡೆಸುವವರು ತಾಯಿ ಮಗಳು. ದೇಶ ವಿಭಜನೆ ಆದ ಮೇಲೆ ಪೂರ್ವ ಬಂಗಾಳದಿಂದ ಬಂದ ಕುಟುಂಬಗಳನ್ನು ಸರ್ಕಾರ ಈ ದ್ವೀಪಗಳಲ್ಲಿ ನೆಲೆಗೊಳಿಸಿತ್ತು. ಹ್ಯಾವ್‌ಲಾಕ್, ನೀಲ್ ಎರಡರಲ್ಲೂ ಈಗಲೂ ಬಂಗಾಳಿಗಳೇ ಜಾಸ್ತಿ. ಈ ಅಮ್ಮನೂ ಅಂಥ ಮನೆಯವರು. ನಮ್ಮ ಅರೆಬರೆ ಹಿಂದಿ, ಅವರ ಬಂಗಾಳಿ ಹಿಂದಿ, ಹೇಗೋ ಮಾತು ನಡೆಯಿತು.

ಅತ್ತೆ ಮೀನು ತಿನ್ನುವುದಿಲ್ಲ ಅಂದದ್ದೇ ತಡ, ಆಕೆ ಒಂದು ಬಾಣಲೆ ಎತ್ತಿಕೊಂಡು ಹೊರಗೆ ಹೋಗಿ ಬೂದಿ ಹಾಕಿ ತಿಕ್ಕಿ ತೊಳೆದು, ಅತ್ತೆಗೆ ತೋರಿಸಿ ಒಲೆ ಮೇಲಿಟ್ಟರು. ಯಾರೂ ಕೇಳಿರಲಿಲ್ಲ. ಸಾಸಿವೆ ಎಣ್ಣೆ ಕಾದ ವಾಸನೆ ಮೂಗಿಗೆ ಹೊಡೆಯಿತು, ಅತ್ತೆ ಸೆರಗು ಮೂಗಿಗೆ ಹಿಡಿದರು. ಒಗ್ಗರಣೆಗೆ ಐದು ಕಾಳು: ಮೆಂತೆ, ಜೀರಿಗೆ, ಸಾಸಿವೆ, ಸೋಂಪು, ಕರಿಜೀರಿಗೆ. ಆಮೇಲೆ ಸಿಹಿಗುಂಬಳದ ಹೋಳು, ಅದರ ಮೇಲೆ ದಪ್ಪ ದಂಟಿನ ಒಂದು ಸೊಪ್ಪು. ಅತ್ತೆ ಸೆರಗು ಬಿಟ್ಟು ಎದ್ದು ಹೋಗಿ ಒಂದು ಎಲೆ ಮುರಿದು ನೋಡಿದರು. "ಇದು ನಮ್ಮ ಬಸಳೆ ಕಣೇ!" ಅಂದರು. ಸಾಗರದ ತವರುಮನೆಯ ಹಿತ್ತಿಲಲ್ಲಿ ಚಪ್ಪರದ ಮೇಲೆ ಹಬ್ಬುತ್ತಿದ್ದ ಬಸಳೆ. ಆಕೆ "ಪುಯಿ ಶಾಕ್, ಮಾಸಿಮಾ" ಅಂದರು, ಬಸಳೆ ಸೊಪ್ಪು, ಚಿಕ್ಕಮ್ಮ ಅಂತ. ಅಲ್ಲಿಂದ ಇಬ್ಬರಿಗೂ ನಮ್ಮ ನೆನಪೇ ಇರಲಿಲ್ಲ. ಇವರು ಕನ್ನಡದಲ್ಲಿ ಹೇಳುತ್ತಿದ್ದರು, ಅವರು ಬಂಗಾಳಿಯಲ್ಲಿ.

ಸ್ಟೀಲ್ ತಟ್ಟೆಯಲ್ಲಿ ಬಂದದ್ದು ಇಷ್ಟು: ಬಿಸಿ ಅನ್ನ, ತೆಳ್ಳಗಿನ ಮಸೂರ್ ಬೇಳೆ, ಎಳೆ ಎಳೆಯಾಗಿ ಹೆಚ್ಚಿ ಗರಿಗರಿ ಕರಿದ ಆಲೂಗಡ್ಡೆ, ದಪ್ಪ ಬಿಲ್ಲೆಯ ಬದನೆಕಾಯಿ ಹುರಿದದ್ದು, ಬಸಳೆ ಕುಂಬಳದ ಪಲ್ಯ, ಒಂದು ಹೋಳು ನಿಂಬೆ, ಟೊಮೆಟೊ ಗೊಜ್ಜಿನ ಹಾಗೆ ಸಿಹಿ ಚಟ್ನಿ. 180 ರೂಪಾಯಿ. ಅನ್ನ, ಬೇಳೆ ಎಷ್ಟು ಬೇಕಾದರೂ. ಮೀನಿನ ಊಟ 250, ಯಜಮಾನರು, ಮಗ ಅದನ್ನು ತಿಂದರು. ಬಸಳೆ ದಂಟನ್ನು ಜಗಿದರೆ ರಸ ಬರುವಷ್ಟು ಎಳೆಯದು. ಸಾಸಿವೆ ಎಣ್ಣೆ ಘಾಟು ಎರಡನೇ ತುತ್ತಿಗೆ ಹಿತ ಅನ್ನಿಸಿತು. ಅತ್ತೆ ಮೂರು ಸಲ ಅನ್ನ ಹಾಕಿಸಿಕೊಂಡರು. ಮನೆಯಲ್ಲೂ ಅವರು ಅಷ್ಟು ಉಣ್ಣುವುದನ್ನು ನಾನು ನೋಡಿ ವರ್ಷವಾಗಿತ್ತು. ರಾತ್ರಿ ಮತ್ತೆ ಅಲ್ಲಿಗೇ ಹೋದೆವು. ಬಾಳೆಹೂವಿನ ಪಲ್ಯ ಮಾಡಿ ಇಟ್ಟಿದ್ದರು. ಅತ್ತೆಗೆ ಅಂತಲೇ.

ಅಲ್ಲಿಗೆ ಹೋಗುವುದಾದರೆ ಎರಡು ಮಾತು. ಮೀನು ತಿನ್ನದವರು ಬೆಳಿಗ್ಗೆಯೇ ಒಂದು ಮಾತು ಹೇಳಿ ಹೋಗಿ, ಇಲ್ಲದಿದ್ದರೆ ಪಲ್ಯಕ್ಕೂ ಸಿಗಡಿ ಬಿದ್ದಿರುತ್ತದೆ. ಮತ್ತೆ ಕೈಯಲ್ಲಿ ನಗದು ಇರಲಿ. ಬೆಂಗಳೂರಿನಲ್ಲಿ ಎಳನೀರಿಗೂ ಫೋನ್ ತೋರಿಸಿ ನಮಗೆ ಅಭ್ಯಾಸ. 2020ರಲ್ಲಿ ಚೆನ್ನೈನಿಂದ ಸಮುದ್ರದ ಕೆಳಗೆ ಕೇಬಲ್ ಬಂದ ಮೇಲೆ ಇಂಟರ್ನೆಟ್ ಎಷ್ಟೋ ಸುಧಾರಿಸಿದೆ ಅಂತ ಅಲ್ಲಿನವರೇ ಹೇಳಿದರು. ಆದರೂ ಹ್ಯಾವ್‌ಲಾಕ್, ನೀಲ್‌ನಲ್ಲಿ ನೆಟ್‌ವರ್ಕ್ ಬಂದು ಬಂದು ಹೋಗುತ್ತದೆ. ಎಟಿಎಂ ಬೆರಳೆಣಿಕೆಯಷ್ಟು. ಪೋರ್ಟ್ ಬ್ಲೇರ್‌ನಲ್ಲೇ ದುಡ್ಡು ತೆಗೆದುಕೊಳ್ಳಿ.

ಹ್ಯಾವ್‌ಲಾಕ್‌ನ ಎಲಿಫೆಂಟ್ ಬೀಚಿಗೆ ಮಕ್ಕಳನ್ನು ಯಜಮಾನರು ಕರೆದುಕೊಂಡು ಹೋದರು. ಸಣ್ಣ ಬೋಟು, ಅಲೆ ಜೋರು, ಮಂಡಿ ನೋವಿನವರಿಗೆ ಖಂಡಿತ ಬೇಡ. ನಾನು, ಅತ್ತೆ ಕಾಲಾಪತ್ಥರ್ ಬೀಚಿಗೆ ಆಟೋದಲ್ಲಿ ಹೋಗಿ ಕೂತೆವು.

ಸೆಲ್ಯುಲರ್ ಜೈಲನ್ನು ಕೊನೆಗೂ ಶುಕ್ರವಾರ ಮಧ್ಯಾಹ್ನ ಪೋರ್ಟ್ ಬ್ಲೇರ್‌ಗೆ ವಾಪಸ್ ಬಂದ ಮೇಲೆ ನೋಡಿದೆವು. 1906ರಲ್ಲಿ ಕಟ್ಟಿ ಮುಗಿಸಿದಾಗ ನಡುವಿನ ಗೋಪುರದಿಂದ ಕೋಣೆಗಳ ಏಳು ಸಾಲು ಹೊರಟಿದ್ದವು, ಈಗ ಮೂರು ಉಳಿದಿವೆ. ಒಂದು ಸಾಲಿನ ಬಾಗಿಲು ಇನ್ನೊಂದು ಸಾಲಿನ ಬೆನ್ನಿಗೆ. ಕೈದಿಗಳು ಒಬ್ಬರ ಮುಖ ಒಬ್ಬರು ನೋಡಲೇಬಾರದು ಅಂತ. ಮಗ ಒಂದು ಕೋಣೆಯೊಳಗೆ ಹೋಗಿ ಕಂಬಿಯಿಂದ ಕೈ ಹಾಕಿ ಅಗುಳಿ ಮುಟ್ಟಲು ನೋಡಿದ. ಅಗುಳಿ ಬಾಗಿಲಲ್ಲಿ ಇಲ್ಲ, ಅದರಿಂದ ದೂರಕ್ಕೆ ಗೋಡೆಯ ಗೂಡಿನೊಳಗೆ ಹೋಗುತ್ತದೆ. ಭುಜದವರೆಗೆ ಕೈ ಚಾಚಿದರೂ ಎಟುಕಲಿಲ್ಲ. ಹೊರಗೆ ಬಂದ ಮೇಲೆ ಬಹಳ ಹೊತ್ತು ಅವನು ಮಾತಾಡಲಿಲ್ಲ. ಇದಕ್ಕೆ ಎರಡು ಗಂಟೆ ಇಟ್ಟುಕೊಳ್ಳಿ, ಅವಸರ ಮಾಡಬೇಡಿ.

ಮತ್ತೆ ಹೋದರೆ ನಾನು ಹೀಗೆ ಮಾಡುತ್ತೇನೆ. ಬೆಂಗಳೂರಿನಿಂದ ನೇರ ವಿಮಾನ, ಎರಡೂವರೆ ಗಂಟೆ ಚಿಲ್ಲರೆ. ಒಂದು ರಾತ್ರಿ ಪೋರ್ಟ್ ಬ್ಲೇರ್. ಮಾರನೇ ಬೆಳಿಗ್ಗೆ ಮೊದಲ ಹಡಗಿಗೆ ಹ್ಯಾವ್‌ಲಾಕ್, ಅಲ್ಲೇ ಮೂರು ರಾತ್ರಿ, ಬಜಾರಿನ ಹತ್ತಿರ ಸಾದಾ ರೂಮ್. ವಿಮಾನದ ಹಿಂದಿನ ದಿನವೇ ಪೋರ್ಟ್ ಬ್ಲೇರ್‌ಗೆ ವಾಪಸ್, ಯಾಕೆಂದರೆ ಸಮುದ್ರ ಕೆಟ್ಟರೆ ಹಡಗು ರದ್ದಾಗುತ್ತದೆ. ನೀಲ್ ಚಂದದ ಊರು, ಹೊಲ ಗದ್ದೆ ನೋಡಿದರೆ ನಮ್ಮ ಕಡೆ ಹಳ್ಳಿಯ ಹಾಗೆ. ಆದರೆ ಎರಡು ರಾತ್ರಿ ಕೊಡಲು ಆಗುವುದಿದ್ದರೆ ಮಾತ್ರ ಹೋಗಿ. ಒಂದು ರಾತ್ರಿಗೆ ಅಂತ ಹಿರಿಯರನ್ನು ಜೆಟ್ಟಿಯಿಂದ ಜೆಟ್ಟಿಗೆ ಎಳೆಯಬೇಡಿ. ಹಡಗಿನಲ್ಲಿ ತಲೆ ಸುತ್ತುವವರು ಡಾಕ್ಟರನ್ನು ಕೇಳಿ ಮಾತ್ರೆ ಇಟ್ಟುಕೊಳ್ಳಿ. ನಾವು ಹೋದ ಖಾಸಗಿ ಹಡಗಿನಲ್ಲಿ ಎಸಿ ಕ್ಯಾಬಿನ್ ಬಿಟ್ಟು ಹೊರಗೆ ಗಾಳಿಗೆ ನಿಲ್ಲಲು ಬಿಡಲಿಲ್ಲ, ನಮ್ಮ ಸಾಲಿನಲ್ಲೇ ಮೂರು ಜನ ವಾಂತಿ ಮಾಡಿದರು.

ಮಕ್ಕಳಿಗೆ ಒಂದು ಮಾತು ಮೊದಲೇ ಹೇಳಿಡಿ. ಅಲ್ಲಿಂದ ಹವಳ, ಚಿಪ್ಪು ತರುವ ಹಾಗಿಲ್ಲ, ಏರ್‌ಪೋರ್ಟಿನ ಸ್ಕ್ಯಾನಿಂಗ್‌ನಲ್ಲಿ ಬ್ಯಾಗ್ ತೆಗೆಸಿ ಹುಡುಕುತ್ತಾರೆ. ನಮ್ಮ ಮಗಳ ಫ್ರಾಕಿನ ಜೇಬಿನಿಂದ ಏಳು ಸತ್ತ ಹವಳದ ಚೂರು ಹೊರಬಂದವು. ಅಲ್ಲಿನ ಅಧಿಕಾರಿ ಬಯ್ಯಲಿಲ್ಲ, ಬಗ್ಗಿ ಕೈ ಚಾಚಿದರು. ಇವಳು ಒಂದೊಂದೇ ಎಣಿಸಿ ಅವರ ಅಂಗೈ ಮೇಲೆ ಇಟ್ಟಳು.